ಕೇಳುಗನ ರೋಮಾಂಚವೂ ಇತಿಹಾಸವೇ

ಸಂಗೀತದ ಇತಿಹಾಸವೆಂದರೆ ಹಾಡಿದವರ ಇತಿಹಾಸವೆಂದೇ ನಾವು ಭಾವಿಸುತ್ತೇವೆ. ಕೇಳಿದವರಿಗೂ ಅದರಲ್ಲಿ ಪಾಲುಂಟು. ಒಳ್ಳೆಯ ಗಾನ ಕಿವಿಗೆ ಬಿದ್ದಾಗ ಮೈ ನವಿರೇಳುವುದು, ಗಂಟಲು ಬಿಗಿಯುವುದು, ಕಾರಣ ತಿಳಿಯದೆ ಕಣ್ಣು ತುಂಬುವುದು ಅನೇಕರ ಅನುಭವ. ನಮ್ಮ ಪೂರ್ವಿಕರು ಇದನ್ನು ದೌರ್ಬಲ್ಯವೆಂದು ಕಡೆಗಣಿಸಲಿಲ್ಲ.

ಭರತನ ನಾಟ್ಯಶಾಸ್ತ್ರವು ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ ಎಂಬ 8 ಸಾತ್ತ್ವಿಕ ಭಾವಗಳನ್ನು ಎಣಿಸಿದೆ. ಅವು ನಟನ ಅಭಿನಯಕ್ಕಾಗಿ ಹೇಳಿದವು; ಆದರೂ ಮನಸ್ಸು ಕಲಕಿದಾಗ ದೇಹವು ಸುಮ್ಮನಿರದೆಂಬ ಅರಿವು ಅವುಗಳ ಹಿಂದಿದೆ. 13ನೆಯ ಶತಮಾನದಲ್ಲಿ ದೇವಗಿರಿಯ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ, ಲೋಕದ ರುಚಿಯನ್ನೇ ಅರಿಯದ ತೊಟ್ಟಿಲ ಕೂಸು ಗಾನಕ್ಕೆ ಅಳು ಮರೆಯುವುದನ್ನೂ, ಕಾಡಿನ ಜಿಂಕೆ ಬೇಡನ ಹಾಡಿಗೆ ಮರುಳಾಗಿ ಪ್ರಾಣವನ್ನೇ ತೆರುವುದನ್ನೂ ಹೇಳುತ್ತಾನೆ.

ಇಂಥ ಮರುಳಿನ ನಿದರ್ಶನವೊಂದು ಕಳೆದ ಶತಮಾನದಲ್ಲಿ ನಮ್ಮ ಸೀಮೆಯಲ್ಲೇ ದೊರೆಯಿತು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕನ್ನಡಿಗರಾದ ನಮಗೆ ಮಿರಜ ದೂರದ ಊರಲ್ಲ. ಉತ್ತರದ ಕೈರಾನಾದಲ್ಲಿ 1872ರಲ್ಲಿ ಜನಿಸಿದ ಉಸ್ತಾದ್ ಅಬ್ದುಲ್ ಕರೀಂ ಖಾನರು ಅಲ್ಲಿಯೇ ನೆಲೆಸಿದರು. ಅವರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ಗದಗಿನ ಬಾಲಕನೊಬ್ಬನಿಗೆ ಆ ದನಿಯನ್ನು ಮರೆಯಲಾಗಲಿಲ್ಲ. 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟ. ಗ್ವಾಲಿಯರ್ ಮೊದಲಾದ ಊರುಗಳನ್ನು ಸುತ್ತಿದವನು ಜಲಂಧರದಲ್ಲಿ ತಂದೆಯ ಕಣ್ಣಿಗೆ ಬಿದ್ದ. ದೇಶವೆಲ್ಲ ಹುಡುಕಿದ ಗುರು ತನ್ನ ಸೀಮೆಯ ಕುಂದಗೋಳದಲ್ಲೇ ಇದ್ದರು: ಖಾನರ ಶಿಷ್ಯ ಸವಾಯಿ ಗಂಧರ್ವರು. 1936ರಲ್ಲಿ ಅವರ ಬಳಿ ಪಾಠ ಮೊದಲಾಯಿತು. ಆ ಬಾಲಕನೇ ಮುಂದೆ ಭಾರತರತ್ನ ಪಂಡಿತ ಭೀಮಸೇನ ಜೋಶಿಯವರು.

ಖಾನರ ಮನೆಮಾತು ಕನ್ನಡವಲ್ಲ. ಆ ಠುಮ್ರಿಯ ನುಡಿಯೂ ಕನ್ನಡವಲ್ಲ. ಆದರೂ ಕನ್ನಡದ ಹುಡುಗನ ಎದೆಗೆ ಅದು ನೇರವಾಗಿ ತಾಗಿತು. ಗಡಿಯಲ್ಲಿ ಬಾಳುವ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಭೀಮಸೇನರ ತಂದೆ ಗುರುರಾಜ ಜೋಶಿಯವರು ಶಾಲಾ ಶಿಕ್ಷಕರಾಗಿದ್ದರು. ಓಡಿಹೋದ ಮಗನನ್ನು ಮರಳಿ ಕರೆತಂದ ಅವರು ಅವನ ಹಂಬಲಕ್ಕೆ ಅಡ್ಡಿಯಾಗಿ ನಿಲ್ಲಲಿಲ್ಲ. ನಾನೂ ಬದುಕಿಡೀ ಶಾಲೆಯಲ್ಲಿ ಕಳೆದವನು. ಇಂಥ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದಿದ್ದರೆ, ಹಾಜರಿ ಪುಸ್ತಕದಲ್ಲಿ ಗೈರುಹಾಜರೆಂದು ಗುರುತು ಹಾಕಿ ಮುಂದಿನ ಹೆಸರು ಕೂಗುತ್ತಿದ್ದೆನೇನೋ ಎಂಬ ಅಳುಕು ಈಗ ಕಾಡುತ್ತದೆ. ಆದ್ದರಿಂದ ಬಂಧುಗಳಲ್ಲಿ ಒಂದೇ ವಿನಂತಿ: ಮನೆಯ ಮಗು ಯಾವುದೋ ಹಾಡಿಗೆ ಮೈಮರೆತು ನಿಂತಿದ್ದರೆ, ಹಾಡು ಮುಗಿಯುವವರೆಗಾದರೂ ಅದನ್ನು ಕರೆಯದಿರೋಣ.