ಪ್ರಜೆಗಳ ಬಿನ್ನಹ: ಸರಗೂರು ಸೀಮೆಯನ್ನು ಕುರಿತ ಒಂದು ವಿಚಾರ

ಕಪಿಲಾನದಿಯ ಪ್ರಾಂತ್ಯದ ಸರಗೂರು ಬಹುಕಾಲ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದಿತು. ಅಂತಹ ಊರಿನ ಪ್ರಜೆಗಳು ತಮ್ಮ ಕಷ್ಟವನ್ನು ಆಳುವವರ ಕಿವಿಗೆ ಮುಟ್ಟಿಸಲು ಇದ್ದ ದಾರಿಗಳನ್ನು ವಿಚಾರಿಸುವ ಮೊದಲು ‘ಬಿನ್ನಹ’ ಎಂಬ ಪದವನ್ನು ಪರಿಶೀಲಿಸುವುದು ಉಚಿತ. ಇದು ಸಂಸ್ಕೃತದ ‘ವಿಜ್ಞಾಪನ’ದ ತದ್ಭವ. ತಿಳಿಯಪಡಿಸುವುದೆಂದೇ ಅದರ ಮೂಲಾರ್ಥ, ಬೇಡುವುದೆಂದಲ್ಲ. ಕಛೇರಿಯವರ ‘ಅಹವಾಲು’ ಸಹ ಅರಬ್ಬಿಯಲ್ಲಿ ಸ್ಥಿತಿಗತಿಗಳೆಂಬ ಅರ್ಥವುಳ್ಳದ್ದು. ದೈನ್ಯವು ಈ ಮಾತುಗಳಿಗೆ ಬಳಕೆಯಿಂದ ಅಂಟಿದುದೇ ಹೊರತು ಹುಟ್ಟಿನಿಂದ ಬಂದುದಲ್ಲ.

ಬಿನ್ನಹವು ಫಲಿಸಿದುದಕ್ಕೆ ಪ್ರಸಿದ್ಧವಾದ ನಿದರ್ಶನವು ಶ್ರವಣಬೆಳಗೊಳದ 1368ನೆಯ ಇಸವಿಯ ಶಾಸನದಲ್ಲಿದೆ. ವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಜೈನರು ಬುಕ್ಕರಾಯನಿಗೆ ಬಿನ್ನೈಸಿಕೊಂಡರು. ಅರಸನು ಉಭಯರ ಕೈಗಳನ್ನೂ ಕೂಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ಕಳುಹಿಸಿಬಿಟ್ಟಿದ್ದರೆ ಅದು ಸದ್ವಚನವಾಗಿ ಮುಗಿಯುತ್ತಿದ್ದಿತು. ಆದರೆ ಅಲ್ಲಿ ವ್ಯವಸ್ಥೆಯೂ ಏರ್ಪಟ್ಟಿತು. ಜೈನರು ವರ್ಷಕ್ಕೆ ಮನೆಗೊಂದು ಹಣದಂತೆ ಕೊಡಬೇಕು. ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣವನ್ನಿಕ್ಕಿಸಬೇಕು. ಕಾವಲಿನ ವೆಚ್ಚವು ನೊಂದವರ ಮೇಲೆಯೇ ಬಿದ್ದಿತೆಂಬುದನ್ನು ಪ್ರಶಂಸಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆದರೂ ಕೊಟ್ಟ ಮಾತು ಕಲ್ಲಿನ ಮೇಲೇರಿ, ಮುಂದಿನವರು ಓದಿ ಕೇಳುವಂತಾಯಿತು.

ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯಕ್ಕೆ ಸಭಾರೂಪವನ್ನು ಕೊಟ್ಟವರು ದಿವಾನ್ ರಂಗಾಚಾರ್ಲುರವರು. 1881ನೆಯ ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, 144 ಮಂದಿ ಸದಸ್ಯರೊಡನೆ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿತು. ತಾಲ್ಲೂಕಿಗೆ ಒಬ್ಬಿಬ್ಬರು ರೈತರೂ ಜಿಲ್ಲೆಗೆ ಕೆಲವರು ವರ್ತಕರೂ ಆರಿಸಲ್ಪಟ್ಟು ಬಂದಿದ್ದರು. ಸರಗೂರಿನಂತಹ ಊರಿನವರ ಮಾತು ತಾಲ್ಲೂಕಿನ ಪ್ರತಿನಿಧಿಯ ಬಾಯಿಂದಲೇ ಹೊರಡಬೇಕು. ಆ ಪ್ರತಿನಿಧಿಗಾದರೂ ತಿಳಿಸುವ ಅವಕಾಶವಿದ್ದಿತೇ ಹೊರತು ನಿರ್ಣಯಿಸುವ ಅಧಿಕಾರವಿರಲಿಲ್ಲ. ಚುನಾವಣೆಯು 1891ರಲ್ಲಿ ಬಂದಿತು. ಹೊಸ ತೆರಿಗೆಗಳ ವಿಷಯದಲ್ಲಿ ಸಭೆಯನ್ನು ಕೇಳಲೇಬೇಕೆಂಬ ಶಾಸನಬದ್ಧ ಸ್ಥಾನವು ದೊರೆತದ್ದು 1923ರಲ್ಲಿ. ಕೇವಲ ವಿಜ್ಞಾಪನೆಯು ಹಕ್ಕಿನ ಕಡೆಗೆ ಒಂದು ಹೆಜ್ಜೆಯಿಡಲು ನಾಲ್ವತ್ತು ವರ್ಷಗಳಿಗೂ ಮೇಲಾಯಿತು. 1949ರಲ್ಲಿ ಸಭೆಯು ಮುಕ್ತಾಯವಾಯಿತು.

ಪ್ರತಿನಿಧಿಯ ಮಧ್ಯಸ್ಥಿಕೆಯಿಲ್ಲದೆ ಪ್ರಜೆಯೇ ಎದ್ದು ಮಾತನಾಡುವ ಸ್ಥಾನವೆಂದರೆ ಗ್ರಾಮಸಭೆ. ಸಂವಿಧಾನದ 73ನೆಯ ತಿದ್ದುಪಡಿಯನ್ನನುಸರಿಸಿ ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮವು ಅದನ್ನು ವಿಧಿಸಿತು. ಮತದಾರರ ಪಟ್ಟಿಯಲ್ಲಿ ಹೆಸರುಳ್ಳವರೆಲ್ಲರೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಇಲ್ಲಿಯೇ ಒಂದು ವೈಚಿತ್ರ್ಯವಿದೆ. ಸರಗೂರಿನ ಸುತ್ತಣ ಹಳ್ಳಿಗಳವರಿಗೆ ಗ್ರಾಮಸಭೆಯುಂಟು. ಸರಗೂರಿನಲ್ಲಿರುವುದಾದರೋ ಪಟ್ಟಣ ಪಂಚಾಯಿತಿ. ಪಟ್ಟಣಗಳಿಗೆ ಸಂಬಂಧಿಸಿದ 74ನೆಯ ತಿದ್ದುಪಡಿಯು ವಾರ್ಡು ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ಸರಗೂರೂ ಸೇರಿ, ಕಛೇರಿಯು ಜನರಿಗೆ ಸಮೀಪವಾಯಿತು. ಆದರೆ ತನ್ನ ಬೀದಿಯ ನೀರನ್ನೋ ಚರಂಡಿಯನ್ನೋ ಕುರಿತು ನೆರೆಹೊರೆಯವರ ಎದುರಿನಲ್ಲಿ ಎದ್ದು ನಿಂತು ಕೇಳುವುದಕ್ಕೆ, ನೆರೆಯ ಹಳ್ಳಿಯ ಒಕ್ಕಲಿಗನಿಗೆ ಸಂವಿಧಾನದ ಆಧಾರವಿರುವಂತೆ ಸರಗೂರಿನ ಪೇಟೆಯ ನಿವಾಸಿಗೆ ಇಲ್ಲ.