ತೆರಿಗೆಯ ಮಾಫಿ: ಶಾಸನಗಳ ಸಾಕ್ಷ್ಯ

ನಮ್ಮ ನಾಡಿನ ಹಳೆಯ ಮಠಗಳಲ್ಲಿ ತಾಮ್ರಪಟವಾಗಲಿ ಸನದಾಗಲಿ ಇರದ ಮಠವು ವಿರಳ. ಮಹೋತ್ಸವದ ಸಂಚಿಕೆಗಳಲ್ಲಿ ಅವುಗಳನ್ನು ಕುರಿತು ಬರೆಯುವವರು ದಾನ ಕೊಟ್ಟ ಅರಸನ ವಂಶಾವಳಿಯನ್ನೂ ದಾನ ಪಡೆದ ಸ್ವಾಮಿಗಳ ಗುರುಪರಂಪರೆಯನ್ನೂ ನಿರ್ಣಯಿಸಿ ಲೇಖನಿಯನ್ನು ಕೆಳಗಿಡುವದು ರೂಢಿ. ಅದು ಅವಶ್ಯವಾದ ಕಾರ್ಯವೇ ಅಹುದು. ಆದರೆ ಅದೇ ಪಟದ ನಡುವೆ, ಓದುವವರು ಬೇಸತ್ತು ದಾಟಿ ಹೋಗುವ ಕಡೆಯಲ್ಲಿ, ತೆರಿಗೆಗಳ ಹೆಸರುಗಳ ಒಂದು ಉದ್ದನೆಯ ಸಾಲು ಇರುವದು. ಅವುಗಳನ್ನೆಲ್ಲ ಅರಸನು ಬಿಟ್ಟನೆಂದು ಹೇಳಿರುವದು. ಬಿಟ್ಟದ್ದು ಯಾರಿಗೆ? ಹೊಲವನ್ನು ಉಳುವವನಿಗೋ, ಮಗ್ಗವನ್ನು ನಡೆಯಿಸುವವನಿಗೋ, ಅಥವಾ ಅವರಿಂದ ಅದನ್ನು ವಸೂಲು ಮಾಡುವ ಬೇರೊಬ್ಬನಿಗೋ? ಇದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ರಾಜನು ಕರವನ್ನು ಹೇಗೆ ಎತ್ತಬೇಕೆಂಬದನ್ನು ಮನುಸ್ಮೃತಿಯು ಜಿಗಳೆ, ಕರು, ದುಂಬಿ ಇವುಗಳ ದೃಷ್ಟಾಂತದಿಂದ ಹೇಳಿದೆ. ಮೂರೂ ಸ್ವಲ್ಪಸ್ವಲ್ಪವಾಗಿ ಹೀರತಕ್ಕವು. ಪಾಠಶಾಲೆಯಲ್ಲಿ ಈ ಶ್ಲೋಕವನ್ನು ಬಾಯಿಪಾಠ ಮಾಡಿದಾಗ ಇದೆಷ್ಟು ದಯೆಯುಳ್ಳ ನೀತಿಯೆಂದು ನಮಗೆ ತೋರುತ್ತಿತ್ತು. ಶಾಸನಗಳನ್ನು ಓದಲಾರಂಭಿಸಿದ ಮೇಲೆ ಬೇರೊಂದು ವಿಚಾರ ಬಂದಿತು: ಜಿಗಳೆಯು ಒಂದಾದರೆ ಸರಿ, ನೂರು ಹತ್ತಿದರೆ ಹೇಗೆ? ಮನೆದೆರೆ, ಮಗ್ಗದೆರೆ, ಗಾಣದೆರೆ, ಹೇರಿನ ಸುಂಕ, ಮದುವೆಯ ಸುಂಕ, ಕಾಣಿಕೆ, ಬಿಟ್ಟಿ. ಒಂದೊಂದೂ ಚಿಕ್ಕದೇ, ಎಲ್ಲವೂ ಕೂಡಿ ಒಬ್ಬನೇ ನೇಕಾರನ ಬಾಗಿಲಿಗೆ ಬರುತ್ತಿದ್ದವು.

ಮೊದಲು ನಮ್ಮ ಮನೆಯ ಮಾತನ್ನೇ ಹೇಳಿಬಿಡುವದು ಉಚಿತ. ದೇವಸ್ಥಾನಕ್ಕೋ ಅಗ್ರಹಾರಕ್ಕೋ ಮಠಕ್ಕೋ ಒಂದು ಗ್ರಾಮವನ್ನು ಸರ್ವಮಾನ್ಯವಾಗಿ ಬಿಟ್ಟರೆಂದರೆ, ಆ ಗ್ರಾಮದ ಒಕ್ಕಲು ತೆರಿಗೆಯಿಂದ ಬಿಡುಗಡೆ ಹೊಂದಿದನೆಂದು ಸಾಮಾನ್ಯವಾಗಿ ಅರ್ಥವಲ್ಲ. ಅರಸನಿಗೆ ಸಲ್ಲುತ್ತಿದ್ದುದು ದಾನ ಪಡೆದವರಿಗೆ ಸಲ್ಲತಕ್ಕದ್ದೆಂದು ಅರ್ಥ. ಆ ಉತ್ಪನ್ನದಿಂದ ದಾಸೋಹವು ನಡೆಯಿತು, ವಿದ್ಯಾರ್ಥಿಗಳು ಉಂಡು ಓದಿದರು. ಈ ಲೇಖಕನೂ ಅಂಥ ಅನ್ನವನ್ನು ಉಂಡವನೇ. ಆದರೂ ಅದನ್ನು ರೈತನಿಗೆ ಕೊಟ್ಟ ಮಾಫಿಯೆಂದು ಬರೆಯುವದು ಇತಿಹಾಸಕ್ಕೆ ಒಪ್ಪದು. ದುಡಿಯುವವನಿಗೇ ನೇರವಾಗಿ ಬಿಟ್ಟ ತೆರಿಗೆಯ ಶಾಸನಗಳು ಬೇರೆ ಜಾತಿಯವು, ಸಂಖ್ಯೆಯಲ್ಲಿಯೂ ಕಡಿಮೆ.

ಅವುಗಳಲ್ಲಿ ಕೆಲವು ಅರಸರ ಔದಾರ್ಯದಿಂದ ಹುಟ್ಟಿದವಲ್ಲ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಕ್ರಿ. ಶ. 1429ರಲ್ಲಿ, ತಮಿಳು ಸೀಮೆಯ ಬಲಗೈ ಎಡಗೈ ಪಂಗಡದವರು ತಮ್ಮೊಳಗಿನ ಹಳೆಯ ಕಲಹವನ್ನು ಬದಿಗಿಟ್ಟು ಒಂದಾದರು. ಅಧಿಕಾರಿಗಳಿಗೂ ಭೂಮಿಯ ಒಡೆಯರಿಗೂ ಇಷ್ಟನ್ನು ಮಾತ್ರ ಕೊಡುವೆವು, ಇದಕ್ಕೆ ಮೀರಿದ್ದನ್ನು ಕೊಡಲಾರೆವು ಎಂದು ನಿಶ್ಚಯಿಸಿ ಅದನ್ನು ಕಲ್ಲಿನಲ್ಲಿ ಕೆತ್ತಿಸಿದರು. ಉಳುವವರೂ ಕಸಬಿನವರೂ ಕೂಡಿ ಬರೆಯಿಸಿದ ಶಾಸನವೆಂಬದನ್ನು ಲಕ್ಷ್ಯದಲ್ಲಿಡತಕ್ಕದ್ದು. ಮುಂದೆ ಕೃಷ್ಣದೇವರಾಯನ ಆಳಿಕೆಯಲ್ಲಿ (1509-1529) ಮದುವೆಯ ಸುಂಕವನ್ನು ಬಿಟ್ಟ ಶಾಸನಗಳು ದೊರೆಯುತ್ತವೆ.

ಇವೆಲ್ಲಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದದ್ದು ಬಾದಾಮಿಯ ಶಾಸನವು. ಅದು ಸದಾಶಿವರಾಯನ ಆಳಿಕೆಗೆ (1542-1570) ಸೇರಿದ್ದು. ರಾಯನು ಹೆಸರಿಗೆ ಮಾತ್ರ. ಆಡಳಿತವೆಲ್ಲ ಅಳಿಯ ರಾಮರಾಯನದು. ಕೊಂಡೋಜನೆಂಬ ಕ್ಷೌರಿಕನ ಸೇವೆಗೆ ರಾಮರಾಯನು ಮೆಚ್ಚಿದನು. ಮೆಚ್ಚಿದ ಪ್ರಭುವು ಸೇವಕನಿಗೆ ಕೊಡುವ ವಾಡಿಕೆಯ ಉಡುಗೊರೆಗಳು ಯಾವುವೆಂಬದು ಎಲ್ಲರಿಗೂ ಗೊತ್ತಿದ್ದದ್ದೇ: ಕಡಗ, ಪೀತಾಂಬರ, ಒಂದು ತುಂಡು ಭೂಮಿ. ಇಲ್ಲಿಯಾದರೋ ಕ್ಷೌರಿಕರ ಕಸಬಿಗೇ ಮಾಫಿಯಾಯಿತು. ಬಿಟ್ಟಿಯ ದುಡಿಮೆ, ನಿಗದಿಯ ಸಿದ್ಧಾಯ, ಬಿರಾಡ, ಮಹಾನವಮಿಯ ಪಂಜಿನ ಹೊರೆ ಇವೆಲ್ಲವನ್ನೂ ಬಿಡಲಾಯಿತು. ಇಂಥ ಶಾಸನಗಳು ಬಾದಾಮಿಯಲ್ಲಿಯಷ್ಟೇ ಅಲ್ಲ, ಕನ್ನಡ ತೆಲುಗು ಸೀಮೆಗಳ ಅನೇಕ ಊರುಗಳಲ್ಲಿ ದೊರೆತಿವೆ. ಒಬ್ಬನ ಮೇಲಣ ಪ್ರಸನ್ನತೆಯು ಕತ್ತಿ ಕನ್ನಡಿಗಳ ಚೀಲವನ್ನು ಹೊತ್ತು ಊರೂರು ತಿರುಗುವವರೆಲ್ಲರಿಗೂ ಒದಗಿತು.

ಅಪ್ಪಣೆಯೊಂದೇ ಇದ್ದರೆ ಕಲ್ಲುಗಳು ಏತಕ್ಕೆ? ದೂರದ ಊರಿನ ಸುಂಕದವನು ನನಗೆ ತಿಳಿಯದೆಂದು ಹೇಳಬಾರದು, ಕ್ಷೌರಿಕನೂ ತನಗೆ ಬಿಟ್ಟದ್ದೇನೆಂಬದನ್ನು ಅರಿಯದೆ ಕೊಡುತ್ತ ಹೋಗಬಾರದು. ಮಾಫಿಯು ಇಬ್ಬರಿಗೂ ಗೊತ್ತಿದ್ದರೆ ಮಾತ್ರ ಮಾಫಿ. 2025ನೆಯ ಇಸವಿ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಸಣ್ಣ ಅಂಗಡಿಕಾರರಿಗೆ, ಮೊಬೈಲ್ ಫೋನಿನ ಮೂಲಕ ಅವರಿಗೆ ಸಂದಾಯವಾದ ಹಣದ ಲೆಕ್ಕವನ್ನು ಹಿಡಿದು, ತೆರಿಗೆಯ ನೋಟೀಸುಗಳು ಹೋದವು. ತೆರಿಗೆಯೇ ಇಲ್ಲದ ಹಾಲು ತರಕಾರಿಗಳನ್ನು ಮಾರುವವರಿಗೂ ಹೋದವು. ಗದ್ದಲವೆದ್ದ ಮೇಲೆ ಹಳೆಯ ಬಾಕಿಯನ್ನು ಎತ್ತುವದಿಲ್ಲವೆಂದು ಸರಕಾರವು ಸಾರಿತು. ಆ ದಿನಗಳಲ್ಲಿ ನನಗೆ ಕೊಂಡೋಜನ ಕಲ್ಲೇ ನೆನಪಿಗೆ ಬರುತ್ತಿದ್ದಿತು.

ಬೇಸಾಯಗಾರನ ವಿಷಯಕ್ಕೆ ಬಂದರೆ ಕೆಳದಿಯ ಶಿವಪ್ಪನಾಯಕನನ್ನು (1645-1660) ಸ್ಮರಿಸದೆ ಇರಲಾಗದು. ಅವನ ಶಿಸ್ತು ಮಾಫಿಯಲ್ಲ, ನಿರ್ಣಯ. ಭೂಮಿಯನ್ನು ಸಾರದ ಮೇಲಿಂದ ಐದು ತರಗತಿಗಳಾಗಿ ವಿಂಗಡಿಸಿ, ಬೆಳೆಯನ್ನು ಪರೀಕ್ಷಿಸಿ, ಹುಟ್ಟುವಳಿಯಲ್ಲಿ ಮೂರರಲ್ಲಿ ಒಂದು ಪಾಲನ್ನು ಅರಮನೆಗೆ ಗೊತ್ತುಪಡಿಸಿದನು. ಮೂರನೆಯ ಒಂದು ಪಾಲು ಹಗುರವೆಂದು ನಾನು ಹೇಳಲಾರೆ. ಸ್ಮೃತಿಯ ಆರನೆಯ ಪಾಲಿಗೆ ಅದು ಎರಡರಷ್ಟು. ಆದರೆ ಮುಂದಿನ ವರ್ಷ ಎಷ್ಟು ಕೊಡಬೇಕಾದೀತೆಂಬದು ರೈತನಿಗೆ ಬಿತ್ತುವ ಮೊದಲೇ ತಿಳಿದಿತ್ತು. ಇದರ ಬೆಲೆಯು ಅದು ಹೋದ ಮೇಲೆಯೇ ಗೊತ್ತಾಯಿತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಬಳಿಕ ಮುಮ್ಮಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಶರತ್ತಿನ ಪದ್ಧತಿ ಬಂದಿತು. ಇಷ್ಟು ಹಣವನ್ನು ಎತ್ತಿಕೊಡುವೆನೆಂದು ಅಮಲ್ದಾರನು ಕರಾರು ಬರೆದುಕೊಡುವದು, ಕಡಿಮೆಯಾದರೆ ತಾನೇ ತುಂಬಿಕೊಡುವದು, ಹೀಗೆ ಆ ಪದ್ಧತಿ. ತನ್ನ ಕೈಯಿಂದ ತುಂಬುವ ಅಮಲ್ದಾರನನ್ನು ಯಾರು ಕಂಡಿದ್ದಾರೆ? 1830-31ರಲ್ಲಿ ನಗರದ ರೈತರು ದಂಗೆಯೆದ್ದರು. 1831ರಲ್ಲಿ ಆಂಗ್ಲರು ರಾಜ್ಯಭಾರವನ್ನೇ ತಮ್ಮ ಕೈಗೆ ತೆಗೆದುಕೊಂಡರು.

1834ರಿಂದ 1861ರ ವರೆಗೆ ಮೈಸೂರಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದವು. ಮದುವೆಗೆ ತೆರಿಗೆ, ಕೂಸು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ, ಜವಳ ತೆಗೆಯಿಸಿದರೆ ತೆರಿಗೆ. ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂದು ಒಂದು ಊರಿನವರು ತಲೆತಲಾಂತರ ತೆತ್ತರು. ನಗರದ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯದವನು ತೆರಬೇಕಾಗಿತ್ತು. ನಗಬೇಕೆನ್ನುವವರು ನಗಬಹುದು, ಇವೆಲ್ಲ ಸರಕಾರದ ದಫ್ತರದಲ್ಲಿ ಆದಾಯವೆಂದು ಬರೆದಿದ್ದವೇ. ಇಂಥ ತೆರಿಗೆಯಲ್ಲಿ ಹಣಕ್ಕಿಂತ ಹೆಚ್ಚಿನ ಉಪದ್ರವವು ಅದನ್ನು ಎತ್ತಲು ಮನೆಗೆ ಬರುವವನದು. ಆದುದರಿಂದ ಕಬ್ಬನ್ನನು ಪರದೇಶದವನಾದರೂ ಈ ಒಂದು ಕೆಲಸಕ್ಕೆ ನ್ಯಾಯವಾದ ಮೆಚ್ಚಿಕೆಯನ್ನು ಸಲ್ಲಿಸಬೇಕು.

ಇತ್ತ ಧಾರವಾಡ ಬೆಳಗಾವಿ ಸೀಮೆಗಳು ಪೇಶವೆಯರಿಂದ ಕಂಪನಿಯ ಕೈಸೇರಿ ಮುಂಬಯಿ ಇಲಾಖೆಯಲ್ಲಿದ್ದವು. ಅಲ್ಲಿ ಮಗ್ಗ, ಗಾಣ, ಅಂಗಡಿ, ಕುಲುಮೆ ಮುಂತಾದ ಕಸಬುಗಳ ಮೇಲಣ ತೆರಿಗೆಗೆ ಮೊಹತರ್ಫಾ ಎಂದು ಹೆಸರು. 1844ನೆಯ ಇಸವಿಯ 19ನೆಯ ಕಾಯದೆಯಿಂದ ಇಲಾಖೆಯಲ್ಲೆಲ್ಲ ಈ ಕಸಬಿನ ತೆರಿಗೆಗಳೂ ಪಟ್ಟಣಗಳ ಸುಂಕಗಳೂ ನಿಂತವು. ಕಾಯದೆಯನ್ನಷ್ಟೇ ಓದಿದವರಿಗೆ ಇದು ಬಾದಾಮಿಯ ಶಾಸನಕ್ಕಿಂತ ಎಷ್ಟೋ ದೊಡ್ಡ ಉಪಕಾರವೆಂದು ತೋರುವದು. ನೇಕಾರ, ಗಾಣಿಗ, ಕಮ್ಮಾರ, ಎಲ್ಲರಿಗೂ ಒಮ್ಮೆಲೆ ಬಿಡುಗಡೆ. ಆದರೆ ಅದೇ ವರ್ಷ ಅದರ ಜೊತೆಯಲ್ಲಿಯೇ ಉಪ್ಪಿನ ತೆರಿಗೆಯನ್ನು ಮಣಕ್ಕೆ 8 ಆಣೆಗಳಿಂದ 1 ರೂಪಾಯಿಗೆ ಏರಿಸಿದರು. ಖಜಾನೆಗೆ ನಷ್ಟವಾದುದನ್ನು ಹೀಗೆ ತುಂಬಿಕೊಳ್ಳುವದು ಅವರ ಲೆಕ್ಕ. ಸೂರತ್ ಪಟ್ಟಣದ ಜನರು ಆಗಸ್ಟಿನಲ್ಲಿ ಬೀದಿಗಿಳಿದು ಗಲಭೆಯೆಬ್ಬಿಸಿದರು. ಸರಕಾರವು ಹೆದರಿ 12 ಆಣೆಗೆ ಇಳಿಸಿತು. 1859ರಲ್ಲಿ ತಿರುಗಿ 1 ರೂಪಾಯಿ ಮಾಡಿತು. ಮಗ್ಗವಿದ್ದವನಿಗೆ ಮಗ್ಗದ ತೆರಿಗೆ ಉಳಿಯಿತು. ಮಗ್ಗವೂ ಗಾಣವೂ ಅಂಗಡಿಯೂ ಇಲ್ಲದೆ, ಮೊಹತರ್ಫಾ ಎಂಬದನ್ನು ಎಂದೂ ಕೊಟ್ಟಿರದ ಕೂಲಿಯವನು ತನ್ನ ಅಂಬಲಿಯ ಉಪ್ಪಿಗೆ ಮೊದಲಿಗಿಂತ ಹೆಚ್ಚಾಗಿ ಕೊಡತೊಡಗಿದನು.