ರಿಜಿಸ್ಟರ್ಡ್ ಅಂಚೆಯ ಮೂಲಕ ದಾಖಲೆ ಕಳುಹಿಸುವ ವಿಧಾನ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ರೈತರಿಗೆ ಮಾರ್ಗದರ್ಶಿ

ಪೀಠಿಕೆ

ಅಡಿಕೆ, ತೆಂಗು, ರಾಗಿ ಮತ್ತು ಈರುಳ್ಳಿ ಬೆಳೆಯುವ ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ರೈತರಿಗೆ ಇಂದು ಬೇಸಾಯದ ಜ್ಞಾನದಷ್ಟೇ ದಾಖಲೆಗಳ ನಿರ್ವಹಣೆಯೂ ಅಗತ್ಯವಾಗಿದೆ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ಹಾಗೂ ಅಜ್ಜಂಪುರ ಸಮೀಪದ ಸುರಂಗದ ಕಾಮಗಾರಿ, ಕಡೂರು, ಬೀರೂರು ಮತ್ತು ತರೀಕೆರೆಯನ್ನು ಹಾದುಹೋಗುವ ತುಮಕೂರು–ಶಿವಮೊಗ್ಗ ಹೆದ್ದಾರಿಯ ವಿಸ್ತರಣೆ ಇವುಗಳಿಂದಾಗಿ ಭೂಸ್ವಾಧೀನದ ನೋಟಿಸುಗಳು ಈ ಭಾಗದ ಮನೆಗಳಿಗೆ ಹೊಸತಲ್ಲ. ಕಳಪೆ ಬೀಜದ ದೂರು, ವ್ಯಾಪಾರಿ ನೀಡಿದ ಚೆಕ್ ಅಮಾನ್ಯವಾದ ಪ್ರಕರಣ, ಖಾತೆ ಬದಲಾವಣೆಯ ತಕರಾರು ಮುಂತಾದ ಸಂದರ್ಭಗಳಲ್ಲಿಯೂ ಲಿಖಿತ ಪತ್ರವೇ ಆಧಾರ.

ಇಂತಹ ಪ್ರಕರಣಗಳಲ್ಲಿ "ನಾನು ಅರ್ಜಿ ಕೊಟ್ಟಿದ್ದೆ" ಎಂಬ ಮಾತು ಸಾಲದು. ಯಾವ ಕಾಗದವನ್ನು, ಯಾವ ದಿನ, ಯಾರಿಗೆ ಕಳುಹಿಸಲಾಯಿತು ಎಂಬ ಮೂರೂ ಅಂಶಗಳಿಗೆ ಪುರಾವೆ ಬೇಕು. ಅಂಚೆ ಕಚೇರಿಯ ರಸೀದಿಯು ಲಕೋಟೆಯನ್ನು ಕಳುಹಿಸಿದ್ದಕ್ಕೆ ಸಾಕ್ಷಿಯೇ ಹೊರತು ಲಕೋಟೆಯ ಒಳಗೆ ಏನಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಆ ಕೊರತೆಯನ್ನು ತುಂಬುವ ಹೊಣೆ ಕಳುಹಿಸುವವರದು. ಅದನ್ನು ನಿರ್ವಹಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸೇವೆಯಲ್ಲಿ ಆಗಿರುವ ಬದಲಾವಣೆ

1 ಸೆಪ್ಟೆಂಬರ್ 2025ರಿಂದ ದೇಶದೊಳಗಿನ ರಿಜಿಸ್ಟರ್ಡ್ ಅಂಚೆಯನ್ನು ಭಾರತೀಯ ಅಂಚೆ ಇಲಾಖೆಯು ಸ್ಪೀಡ್ ಪೋಸ್ಟ್ ಸೇವೆಯೊಂದಿಗೆ ವಿಲೀನಗೊಳಿಸಿದೆ. 'ರಿಜಿಸ್ಟ್ರೇಷನ್' ಈಗ ಸ್ಪೀಡ್ ಪೋಸ್ಟ್‌ಗೆ ಸೇರಿಸಿಕೊಳ್ಳಬಹುದಾದ ಹೆಚ್ಚುವರಿ ಸೇವೆಯಾಗಿದೆ. ಬರೀ ಸ್ಪೀಡ್ ಪೋಸ್ಟನ್ನು ವಿಳಾಸದಲ್ಲಿರುವ ಯಾರಿಗಾದರೂ ತಲುಪಿಸಬಹುದು. ರಿಜಿಸ್ಟ್ರೇಷನ್ ಸೇರಿಸಿದ ಲಕೋಟೆಯನ್ನು ವಿಳಾಸದಾರರಿಗೆ ಅಥವಾ ಅವರು ಅಧಿಕಾರ ನೀಡಿದವರಿಗೆ ಮಾತ್ರ ನೀಡಲಾಗುತ್ತದೆ.

1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಕಲಮಿನ ಪ್ರಕಾರ, ಸರಿಯಾದ ವಿಳಾಸ ಬರೆದು, ಶುಲ್ಕ ಪಾವತಿಸಿ, ರಿಜಿಸ್ಟ್ರೇಷನ್ ಸಹಿತ ಅಂಚೆಯಲ್ಲಿ ಕಳುಹಿಸಿದ ಪತ್ರವು ಸಾಮಾನ್ಯ ಅವಧಿಯಲ್ಲಿ ತಲುಪಿದೆ ಎಂದೇ ಭಾವಿಸಲಾಗುತ್ತದೆ. ತಲುಪಿಲ್ಲವೆಂದು ಸಾಬೀತುಪಡಿಸುವ ಭಾರ ಎದುರಿನವರ ಮೇಲಿರುತ್ತದೆ. ಆದ್ದರಿಂದ ಕಾನೂನು ಮಹತ್ವದ ಪತ್ರಗಳಿಗೆ ರಿಜಿಸ್ಟ್ರೇಷನ್ ಸೇವೆಯನ್ನು ತಪ್ಪದೇ ಕೇಳಿ ಪಡೆಯಿರಿ. "ಸ್ಪೀಡ್ ಪೋಸ್ಟ್, ರಿಜಿಸ್ಟ್ರೇಷನ್ ಸಹಿತ, ಸ್ವೀಕೃತಿ ಪತ್ರದೊಂದಿಗೆ" ಎಂದು ಅಂಚೆ ಕಚೇರಿಯಲ್ಲಿ ಸ್ಪಷ್ಟವಾಗಿ ಹೇಳಿ.

ವೆಚ್ಚ: 1 ಅಕ್ಟೋಬರ್ 2025ರಿಂದ ಜಾರಿಗೆ ಬಂದ ದರದಂತೆ 51ರಿಂದ 250 ಗ್ರಾಂ ತೂಕದ ಲಕೋಟೆಗೆ 200 ಕಿ.ಮೀ. ಒಳಗಿನ ಊರಿಗೆ 59 ರೂ., ರಿಜಿಸ್ಟ್ರೇಷನ್‌ಗೆ 5 ರೂ., ಇವುಗಳ ಮೇಲೆ ಶೇ. 18 ಜಿ.ಎಸ್.ಟಿ. ಇರುತ್ತದೆ. ಕಡೂರಿನಿಂದ ಚಿಕ್ಕಮಗಳೂರಿಗೆ ಹತ್ತು–ಹನ್ನೆರಡು ಹಾಳೆಗಳ ಲಕೋಟೆ ಕಳುಹಿಸಲು ಸುಮಾರು 75 ರೂ. ತಗಲುತ್ತದೆ. ಸ್ವೀಕೃತಿ ಪತ್ರದ ಶುಲ್ಕ ಪ್ರತ್ಯೇಕ.

ಯಾವ ಪತ್ರಕ್ಕೆ ಎಷ್ಟು ದಿನಗಳ ಅವಧಿ?

1. ಭೂಸ್ವಾಧೀನ (2013ರ ಕಾಯ್ದೆ): ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ದಿನದಿಂದ 60 ದಿನಗಳ ಒಳಗೆ 15ನೇ ಕಲಮಿನಡಿ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ನೋಟಿಸು ನಿಮ್ಮ ಕೈ ಸೇರಿದ ದಿನದಿಂದ ಲೆಕ್ಕ ಹಾಕುವುದು ತಪ್ಪು. ಪರಿಹಾರದ ಹಕ್ಕು ಮತ್ತು ಅಳತೆಯ ಕುರಿತ ಹೇಳಿಕೆಯನ್ನು 21ನೇ ಕಲಮಿನ ನೋಟಿಸಿಗೆ ಉತ್ತರವಾಗಿ, ಅದರಲ್ಲಿ ನಮೂದಾದ ದಿನಾಂಕದೊಳಗೆ ನೀಡಬೇಕು. ಪರಿಹಾರದ ತೀರ್ಪು ಒಪ್ಪಿಗೆಯಾಗದಿದ್ದರೆ, ತೀರ್ಪಿನ ವೇಳೆ ಹಾಜರಿದ್ದವರು 6 ವಾರಗಳ ಒಳಗೆ 64ನೇ ಕಲಮಿನಡಿ ಪ್ರಾಧಿಕಾರಕ್ಕೆ ಪ್ರಕರಣ ವಹಿಸುವಂತೆ ಲಿಖಿತವಾಗಿ ಕೋರಬೇಕು.

2. ರಾಷ್ಟ್ರೀಯ ಹೆದ್ದಾರಿಗಾಗಿ ಭೂಸ್ವಾಧೀನ (1956ರ ಕಾಯ್ದೆ): ಇಲ್ಲಿ ಆಕ್ಷೇಪಣೆಗೆ ಇರುವ ಅವಧಿ ಅಧಿಸೂಚನೆ ಪ್ರಕಟವಾದಂದಿನಿಂದ ಕೇವಲ 21 ದಿನ. ಕಾಲುವೆಗೆ 60 ದಿನ ಸಿಕ್ಕಿತ್ತು ಎಂಬ ಅನುಭವದ ಮೇಲೆ ಹೆದ್ದಾರಿಯ ವಿಷಯದಲ್ಲಿ ತಡಮಾಡಬಾರದು. ನೋಟಿಸು ಬಂದ ಕೂಡಲೇ ಅದು ಯಾವ ಕಾಯ್ದೆಯಡಿ ಬಂದಿದೆ ಎಂದು ಮೊದಲು ನೋಡಿ.

3. ಅಮಾನ್ಯವಾದ ಚೆಕ್: ಅಡಿಕೆ ಅಥವಾ ಕೊಬ್ಬರಿ ಕೊಂಡವರು ನೀಡಿದ ಚೆಕ್ ಹಣವಿಲ್ಲದೆ ಹಿಂದಿರುಗಿದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳ ಒಳಗೆ ಹಣ ಕೇಳಿ ಲಿಖಿತ ನೋಟಿಸು ಕಳುಹಿಸಬೇಕು. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನು ಚೆಕ್ಕಿನಲ್ಲಿರುವಂತೆಯೇ ಬರೆಯಬೇಕು. ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ, ನಂತರದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ದಾಖಲಿಸಬೇಕು. ಇಲ್ಲಿ ನೋಟಿಸು ತಲುಪಿದ ದಿನಾಂಕದ ಪುರಾವೆಯೇ ಮುಖ್ಯ.

4. ಕಳಪೆ ಬೀಜ: ರೈತರೂ ಗ್ರಾಹಕರೇ ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ತೀರ್ಪು ನೀಡಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ನೀಡಲು 2 ವರ್ಷಗಳ ಅವಧಿಯಿದೆ. ಬೀಜಕ್ಕೆ ಪಾವತಿಸಿದ ಮೊತ್ತ 5 ಲಕ್ಷ ರೂ.ವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಬೆಳೆ ಹೊಲದಲ್ಲಿರುವಾಗಲೇ ತಪಾಸಣೆ ಆಗಬೇಕು. ಆದ್ದರಿಂದ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಖುದ್ದಾಗಿ ದೂರು ನೀಡಿ, ಅದೇ ದೂರನ್ನು ಅಂಚೆಯಲ್ಲಿಯೂ ಕಳುಹಿಸಿ.

ದಾಖಲೆಗಳನ್ನು ಸಿದ್ಧಪಡಿಸುವ ಕ್ರಮ

ಮೂಲ ದಾಖಲೆ ಕಳುಹಿಸಬೇಡಿ: ಸಾಗುವಳಿ ಚೀಟಿ, ಕ್ರಯಪತ್ರ, ಚೆಕ್, ಬೀಜ ಖರೀದಿಯ ಬಿಲ್ಲು ಇವುಗಳ ಮೂಲ ಪ್ರತಿ ಮನೆಯಲ್ಲೇ ಇರಲಿ. ಜೆರಾಕ್ಸ್ ಪ್ರತಿಯ ಮೇಲೆ "ಮೂಲದ ಯಥಾಪ್ರತಿ" ಎಂದು ಬರೆದು ಸಹಿ ಮಾಡಿ ಕಳುಹಿಸಿ. ಆಧಾರ್ ಪ್ರತಿ ಅಗತ್ಯವಿದ್ದಲ್ಲಿ ಮೊದಲ ಎಂಟು ಅಂಕಿಗಳನ್ನು ಮರೆಮಾಡಿ.

ಪುಟ ಸಂಖ್ಯೆ ಹಾಕಿ: ಮುಖಪತ್ರದಿಂದ ಕೊನೆಯ ಲಗತ್ತಿನವರೆಗೆ ಒಂದೇ ಸಾಲಿನ ಪುಟ ಸಂಖ್ಯೆ ಇರಬೇಕು. ಪ್ರತಿ ಪುಟಕ್ಕೂ ಸಹಿ ಇರಬೇಕು.

ಜಮೀನಿನ ವಿವರ ಪೂರ್ಣವಾಗಿರಲಿ: ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ಮತ್ತು ಹಿಸ್ಸಾ ಸಂಖ್ಯೆ, ವಿಸ್ತೀರ್ಣವನ್ನು ಪಹಣಿಯಲ್ಲಿರುವಂತೆಯೇ ಬರೆಯಿರಿ. ಅಜ್ಜಂಪುರವು ತರೀಕೆರೆಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿರುವುದರಿಂದ, ಹಳೆಯ ಕ್ರಯಪತ್ರಗಳಲ್ಲಿ ತರೀಕೆರೆ ತಾಲ್ಲೂಕು ಎಂದೂ ಹೊಸ ಪಹಣಿಯಲ್ಲಿ ಅಜ್ಜಂಪುರ ತಾಲ್ಲೂಕು ಎಂದೂ ಇರುತ್ತದೆ. ಇಂತಹ ಕಡೆ "ಅಜ್ಜಂಪುರ ತಾಲ್ಲೂಕು, ಹಿಂದಿನ ತರೀಕೆರೆ ತಾಲ್ಲೂಕು" ಎಂದು ನಮೂದಿಸಿದರೆ ಎರಡೂ ದಾಖಲೆಗಳು ಒಂದೇ ಜಮೀನಿಗೆ ಸೇರಿದವೆಂಬುದು ಸ್ಪಷ್ಟವಾಗುತ್ತದೆ.

ಮರ, ಬೆಳೆಗಳ ಪಟ್ಟಿ ಲಗತ್ತಿಸಿ: ಭೂಸ್ವಾಧೀನದಲ್ಲಿ ಮರ ಮತ್ತು ಬೆಳೆಗಳ ಮೌಲ್ಯ ನಿಗದಿಗೆ ಕೃಷಿ, ತೋಟಗಾರಿಕೆ ಮತ್ತು ಅರಣ್ಯ ತಜ್ಞರ ನೆರವು ಪಡೆಯಲು 2013ರ ಕಾಯ್ದೆಯ 29ನೇ ಕಲಮಿನಲ್ಲಿ ಅವಕಾಶವಿದೆ. ಅಡಿಕೆ, ತೆಂಗು, ಮಾವಿನ ಮರಗಳ ಸಂಖ್ಯೆ, ವಯಸ್ಸು, ಫಸಲಿನ ಹಂತ, ಕೊಳವೆಬಾವಿ, ಹನಿ ನೀರಾವರಿ ಇವುಗಳ ಪಟ್ಟಿಯನ್ನು ಛಾಯಾಚಿತ್ರಗಳೊಂದಿಗೆ ಸೇರಿಸಿ. ಅಡಿಕೆ ತೋಟದಲ್ಲಿ ಮೆಣಸು, ಬಾಳೆಯಂತಹ ಅಂತರ ಬೆಳೆಗಳಿದ್ದರೆ ಅವುಗಳನ್ನು ಬಿಡಬೇಡಿ.

ಖಾತೆ ಹಿರಿಯರ ಹೆಸರಿನಲ್ಲಿದ್ದರೆ: ಪಹಣಿ ಇನ್ನೂ ತೀರಿಹೋದ ತಂದೆ ಅಥವಾ ಅಜ್ಜನ ಹೆಸರಿನಲ್ಲಿದ್ದರೆ, ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷವನ್ನು ಲಗತ್ತಿಸಿ ವಾರಸುದಾರರೆಲ್ಲರೂ ಸಹಿ ಮಾಡಬೇಕು. ಪೌತಿ ಖಾತೆಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸುವುದನ್ನೂ ಮುಂದೂಡಬಾರದು.

ಮಾದರಿ ಮುಖಪತ್ರ

ಇಂದ: ಹೆಸರು, ತಂದೆ/ಗಂಡನ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು, ಪಿನ್, ಮೊಬೈಲ್ ಸಂಖ್ಯೆ
ಗೆ: ಅಧಿಕಾರಿಯ ಪದನಾಮ, ಕಚೇರಿ, ಊರು, ಪಿನ್
ದಿನಾಂಕ:
ವಿಷಯ: ______ ಗ್ರಾಮದ ಸರ್ವೆ ನಂ. ____ರ ಜಮೀನಿನ ಸ್ವಾಧೀನಕ್ಕೆ ಆಕ್ಷೇಪಣೆ
ಉಲ್ಲೇಖ: ತಮ್ಮ ನೋಟಿಸು/ಅಧಿಸೂಚನೆ ಸಂಖ್ಯೆ ____, ದಿನಾಂಕ ____

ಮಾನ್ಯರೇ, ಮೇಲ್ಕಂಡ ಜಮೀನಿನ ಖಾತೆದಾರನಾದ/ಳಾದ ನಾನು ಈ ಕೆಳಗಿನ ಆಕ್ಷೇಪಣೆಗಳನ್ನು ಸಲ್ಲಿಸುತ್ತಿದ್ದೇನೆ. (1) … (2) … ನನ್ನ ಅಹವಾಲನ್ನು ಖುದ್ದಾಗಿ ಆಲಿಸಿ, ಲಿಖಿತ ಹಿಂಬರಹ ನೀಡಬೇಕೆಂದು ಕೋರುತ್ತೇನೆ.

ಲಗತ್ತುಗಳು: 1. ಪಹಣಿ, ಪುಟ 3, 2. ಸರ್ವೆ ನಕ್ಷೆ, ಪುಟ 4, 3. ಮರಗಳ ಪಟ್ಟಿ, ಪುಟ 5–6. ಒಟ್ಟು 6 ಪುಟಗಳು.
ಸಹಿ

ಮುಖಪತ್ರದಲ್ಲಿ ಲಗತ್ತುಗಳ ಪಟ್ಟಿ ಮತ್ತು ಒಟ್ಟು ಪುಟಗಳ ಸಂಖ್ಯೆ ಇರುವುದು ಅತ್ಯಗತ್ಯ. ಒಳಗೆ ಏನಿತ್ತು ಎಂಬ ಪ್ರಶ್ನೆ ಬಂದಾಗ ಉತ್ತರ ನೀಡುವುದು ಈ ಸಾಲೇ.

ಲಕೋಟೆ ಮತ್ತು ವಿಳಾಸ

ಪತ್ರವನ್ನು ಅಧಿಕಾರಿಯ ಹೆಸರಿಗೆ ಬರೆಯದೆ ಪದನಾಮಕ್ಕೆ ಬರೆಯಿರಿ. ಅಧಿಕಾರಿ ವರ್ಗವಾದರೆ ಹೆಸರಿಗೆ ಬರೆದ ಲಕೋಟೆ ಮರಳಿ ಬರಬಹುದು. ವ್ಯಾಪಾರಿಗೆ ಕಳುಹಿಸುವ ನೋಟಿಸನ್ನು ಅಂಗಡಿಯ ವಿಳಾಸ ಮತ್ತು ಮನೆಯ ವಿಳಾಸ ಎರಡಕ್ಕೂ ಬೇರೆ ಬೇರೆ ಲಕೋಟೆಗಳಲ್ಲಿ ಕಳುಹಿಸುವುದು ಸುರಕ್ಷಿತ.

ಪಿನ್ ಸಂಖ್ಯೆ ತಪ್ಪದಿರಲಿ: ಕಡೂರು 577548, ಬೀರೂರು 577116, ತರೀಕೆರೆ 577228, ಅಜ್ಜಂಪುರ 577547, ಚಿಕ್ಕಮಗಳೂರು 577101. ನಿಮ್ಮ ಗ್ರಾಮದ ಪಿನ್ ತಾಲ್ಲೂಕು ಕೇಂದ್ರದ್ದಕ್ಕಿಂತ ಬೇರೆ ಇರಬಹುದು. ಶಾಖಾ ಅಂಚೆ ಕಚೇರಿಯಲ್ಲಿ ವಿಚಾರಿಸಿ. ತೋಟದ ಮನೆಯಲ್ಲಿ ವಾಸವಿರುವವರು ಗ್ರಾಮದ ಹೆಸರಿನೊಂದಿಗೆ ಅಂಚೆ ಕಚೇರಿಯ ಹೆಸರನ್ನೂ ಮೊಬೈಲ್ ಸಂಖ್ಯೆಯನ್ನೂ ಬರೆಯಬೇಕು.

ಲಕೋಟೆಯ ಎಡಭಾಗದಲ್ಲಿ ಕಳುಹಿಸುವವರ ವಿಳಾಸದ ಕೆಳಗೆ ವಿಷಯವನ್ನು ಚಿಕ್ಕದಾಗಿ ಬರೆಯಿರಿ. ಉದಾಹರಣೆಗೆ: "ಸ.ನಂ. ____ ಆಕ್ಷೇಪಣೆ, 6 ಪುಟ". ಸ್ವೀಕೃತಿ ಪತ್ರದ ಮೇಲೂ ಇದನ್ನೇ ಬರೆದರೆ, ಸಹಿಯಾಗಿ ಮರಳಿ ಬಂದ ಪತ್ರವು ಯಾವ ಕಾಗದಕ್ಕೆ ಸಂಬಂಧಿಸಿದ್ದೆಂದು ಗುರುತಿಸುವುದು ಸುಲಭ.

ಕಳುಹಿಸಿದ ನಂತರ

1. ರಸೀದಿಯಲ್ಲಿನ ವಿಳಾಸದಾರರ ಹೆಸರು, ಪಿನ್ ಮತ್ತು ದಿನಾಂಕವನ್ನು ಅಲ್ಲಿಯೇ ಪರಿಶೀಲಿಸಿ.
2. 13 ಅಕ್ಷರ ಮತ್ತು ಅಂಕಿಗಳ ಲಕೋಟೆ ಸಂಖ್ಯೆಯನ್ನು ನಿಮ್ಮ ಬಳಿಯ ನಕಲು ಪ್ರತಿಯ ಮೊದಲ ಪುಟದ ಮೇಲೆ ಬರೆಯಿರಿ. ಇದರಿಂದ ರಸೀದಿಗೂ ಕಾಗದಕ್ಕೂ ನಂಟು ಏರ್ಪಡುತ್ತದೆ.
3. ರಸೀದಿಯ ಅಕ್ಷರಗಳು ಕೆಲವು ತಿಂಗಳಲ್ಲಿ ಮಾಸಬಹುದು. ಅಂದೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದಿಡಿ.
4. ಅಂಚೆ ಇಲಾಖೆಯ ಜಾಲತಾಣದಲ್ಲಿ ಲಕೋಟೆ ತಲುಪಿದ ದಿನಾಂಕ ನೋಡಿ, ಆ ಪುಟವನ್ನು ಕೂಡಲೇ ಮುದ್ರಿಸಿಕೊಳ್ಳಿ. ಸಹಾಯವಾಣಿ: 1800 266 6868.
5. ಲಕೋಟೆ ತಲುಪದೆ ಮರಳಿ ಬಂದರೆ ಅದನ್ನು ಒಡೆಯಬೇಡಿ. ಮೇಲಿನ ಅಂಚೆ ಷರಾ ಸಹಿತ, ಮುಚ್ಚಿದ ಸ್ಥಿತಿಯಲ್ಲಿರುವ ಲಕೋಟೆಯೇ ಉತ್ತಮ ಪುರಾವೆ. ಒಳಗೆ ಏನಿತ್ತು ಎಂಬುದನ್ನು ನ್ಯಾಯಾಲಯದ ಮುಂದೆ ತೆರೆದು ತೋರಿಸಬಹುದು.

ಅವಧಿ ಮುಗಿಯಲು ಕೆಲವೇ ದಿನಗಳಿದ್ದರೆ

ಅಂಚೆಗೆ ಹಾಕಿದ ದಿನ ಮತ್ತು ಕಚೇರಿಗೆ ತಲುಪಿದ ದಿನ ಬೇರೆ ಬೇರೆ. ಆಕ್ಷೇಪಣೆಯು ಅವಧಿಯೊಳಗೆ ಕಚೇರಿಯನ್ನು ತಲುಪಿರಬೇಕು ಎಂದೇ ತಿಳಿದು ನಡೆದುಕೊಳ್ಳಿ. ಕೊನೆಯ ಹತ್ತು ದಿನಗಳಿಗೆ ಮೊದಲೇ ಅಂಚೆಗೆ ಹಾಕುವುದು ಒಳ್ಳೆಯದು. ಅದಕ್ಕಿಂತ ತಡವಾದರೆ ಕಚೇರಿಯ ಟಪಾಲು ವಿಭಾಗಕ್ಕೆ ಖುದ್ದಾಗಿ ಹೋಗಿ, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸಹಿ ಪಡೆಯಿರಿ. ಸಹಿ ಸಿಗದಿದ್ದರೆ ಅದೇ ದಿನ ಅದೇ ಊರಿನ ಅಂಚೆ ಕಚೇರಿಯಿಂದ ಕಳುಹಿಸಿ.

ನಿಮಗೆ ಬಂದ ನೋಟಿಸನ್ನು ನಿರಾಕರಿಸಬೇಡಿ

ಸಹಿ ಮಾಡಿದರೆ ಒಪ್ಪಿಕೊಂಡಂತೆ ಆಗುತ್ತದೆ ಎಂಬ ಭಯದಿಂದ ಕೆಲವರು ಲಕೋಟೆಯನ್ನು ಹಿಂದಕ್ಕೆ ಕಳುಹಿಸುತ್ತಾರೆ. ಸಹಿಯು ಲಕೋಟೆ ತಲುಪಿದ್ದಕ್ಕೆ ಮಾತ್ರ. ಒಳಗಿನ ವಿಷಯಕ್ಕೆ ಒಪ್ಪಿಗೆಯಲ್ಲ. ನಿರಾಕರಿಸಿದ ನೋಟಿಸನ್ನು ತಲುಪಿದ ನೋಟಿಸೆಂದೇ ಪರಿಗಣಿಸುವ ಸಾಧ್ಯತೆ ಹೆಚ್ಚು. ಆಗ ಅವಧಿ ಓಡುತ್ತಿರುತ್ತದೆ, ಒಳಗೆ ಏನಿದೆ ಎಂಬುದು ಮಾತ್ರ ನಿಮಗೆ ತಿಳಿದಿರುವುದಿಲ್ಲ. ನೋಟಿಸನ್ನು ಪಡೆದು, ಪಡೆದ ದಿನಾಂಕವನ್ನು ಅದರ ಮೇಲೆ ಬರೆದು, ಲಕೋಟೆಯನ್ನೂ ಜೋಪಾನವಾಗಿಡಿ.

ಉತ್ತರ ಬಾರದಿದ್ದರೆ

ಮೊದಲ ಪತ್ರದ ದಿನಾಂಕ ಮತ್ತು ಲಕೋಟೆ ಸಂಖ್ಯೆಯನ್ನು ಉಲ್ಲೇಖಿಸಿ ನೆನಪೋಲೆ ಕಳುಹಿಸಿ. ಅದಕ್ಕೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಪೋಸ್ಟಲ್ ಆರ್ಡರ್ ಲಗತ್ತಿಸಿ, ನಿಮ್ಮ ಪತ್ರದ ಮೇಲೆ ಕೈಗೊಂಡ ಕ್ರಮದ ಮಾಹಿತಿ ಕೇಳಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಉತ್ತರಕ್ಕೆ 30 ದಿನಗಳ ಅವಧಿಯಿದೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಗ್ರಾಮಕ್ಕೆ ಅಧಿಸೂಚನೆ ಬಂದಾಗ ಪ್ರಕಟಣೆಯ ದಿನಾಂಕ ಮತ್ತು ಆಕ್ಷೇಪಣೆಯ ಕೊನೆಯ ದಿನಾಂಕವನ್ನು ರೈತ ಸಂಪರ್ಕ ಕೇಂದ್ರ, ಗ್ರಾಮ ಪಂಚಾಯಿತಿ ಮತ್ತು ಹಾಲಿನ ಡೇರಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಿ. ಓದಲು ಬಾರದ ರೈತರಿಗೆ ಪತ್ರವನ್ನು ಓದಿ ಹೇಳಿದ ನಂತರವೇ ಹೆಬ್ಬೆಟ್ಟಿನ ಗುರುತು ಪಡೆದು, ಓದಿ ಹೇಳಿದವರೂ ಸಹಿ ಮಾಡಬೇಕು.

ಕಾನೂನು ನೆರವು ಬೇಕಾದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದು. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಬೆಳೆ ಮತ್ತು ಮರಗಳ ವಿವರ ಸಿದ್ಧಪಡಿಸಲು ಹತ್ತಿರದ ರೈತ ಸಂಪರ್ಕ ಕೇಂದ್ರ, ತಾಲ್ಲೂಕು ತೋಟಗಾರಿಕೆ ಕಚೇರಿ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳ ಸಲಹೆ ಪಡೆಯಿರಿ.